ನನ್ನ ಕೈಗೇ ಬಂದ ಚೀಟಿ

ಗಡಹಿಂಗ್ಲಜದ ನಮ್ಮ ಚರ್ಚಿನಲ್ಲಿ ಭಾನುವಾರ ಮಧ್ಯಾಹ್ನ ದೊಡ್ಡವರಿಗೊಂದು ತರಗತಿ ನಡೆಯುತ್ತದೆ. ವಿಶ್ವಾಸ ಮತ್ತು ದಿನನಿತ್ಯದ ಬಾಳು ಎಂದು ಅದರ ಹೆಸರು. ಟೀಚರ್ ಕೊಲ್ಹಾಪುರದಿಂದ ಎಸ್.ಟಿ. ಬಸ್ಸು ಹಿಡಿದು ಬರುತ್ತಾರೆ, ಮರಾಠಿಯಲ್ಲಿ ಪಾಠ ಹೇಳುತ್ತಾರೆ. ನಾವು ಹತ್ತು ಹನ್ನೆರಡು ಮಂದಿ ಹೊಟ್ಟೆ ತುಂಬ ಉಂಡು ಬಂದು, ಅರ್ಧ ಕೇಳುತ್ತ ಅರ್ಧ ತೂಕಡಿಸುತ್ತ ಕೂಡುತ್ತೇವೆ. ನಮ್ಮ ನಿದ್ದೆಗೆ ಅವರು ಕಂಡುಕೊಂಡ ಮದ್ದೆಂದರೆ ಹೋಮ್‌ವರ್ಕ್. ಒಂದು ವಾರ ಯಾರ ಮೇಲೂ ಚಾಡಿ ಹೇಳಬಾರದು ಎಂದಿದ್ದರು. ಆ ವಾರ ನಮ್ಮ ಓಣಿಯಲ್ಲಿ ಸುದ್ದಿಗೇ ಬರಗಾಲ ಬಿತ್ತು.

ರಾಜಿಯಾಗುವ ಪಾಠದ ದಿನ ಚೀಟಿಯ ಕೆಲಸ ಕೊಟ್ಟರು. ಯಾರೊಂದಿಗೆ ಮನಸ್ಸು ಕೆಟ್ಟಿದೆಯೋ ಅವರನ್ನು ಚೀಟಿಯಲ್ಲಿ ಬರೆದು ಕಾಣಿಕೆ ಚೀಲಕ್ಕೆ ಹಾಕಬೇಕು. ಹೆಸರು ಬೇಡ, ಸಂಬಂಧ ಬರೆದರೆ ಸಾಕು. ಆಮೇಲೆ ಪ್ರತಿಯೊಬ್ಬರೂ ಒಂದೊಂದು ಚೀಟಿ ಎತ್ತಿ, ಅದರಲ್ಲಿದ್ದವರಿಗಾಗಿ ಒಂದು ವಾರ ಗುಟ್ಟಾಗಿ ಪ್ರಾರ್ಥಿಸಬೇಕು. ಬರೆಯಲು ಬಾರದವರು ಪಕ್ಕದವರಿಂದ ಬರೆಸಬಹುದು. ಆ ಪಕ್ಕದವಳು ಯಾವಾಗಲೂ ನಾನೇ. ನನ್ನ ಅಕ್ಷರ ಚೆಂದ, ಬಾಯಿ ಮಾತ್ರ ಸ್ವಲ್ಪ ಜೋರು. ಅವತ್ತೂ ಮೂವರಿಗೆ ಬರೆದುಕೊಟ್ಟೆ. ನನ್ನ ಅತ್ತೆ ಮಾತ್ರ ನನ್ನ ಪಕ್ಕದಿಂದ ಎದ್ದು ಗಂಡಸರ ಸಾಲಿಗೆ ಹೋಗಿ, ಪೆನ್ಶನ್ ಆದ ಒಬ್ಬ ಬಸ್ ಕಂಡಕ್ಟರರ ಕಿವಿಯಲ್ಲಿ ಏನೋ ಹೇಳಿದರು. ಅವರು ಟಿಕೆಟ್ ಹರಿಯುವ ಗತ್ತಿನಲ್ಲೇ ಬರೆದು ಮಡಚಿ ಕೊಟ್ಟರು. ಮಹಾಗಾಂವದಲ್ಲಿರುವ ತಮ್ಮ ತಂಗಿಯ ಮೇಲಿನ ಹಳೆಯ ಸಿಟ್ಟಿರಬೇಕು ಎಂದುಕೊಂಡೆ.

ಚೀಲ ನನ್ನ ಹತ್ತಿರ ಬಂತು. ಎತ್ತಿ ಬಿಚ್ಚಿದರೆ ಕಂಡಕ್ಟರರ ಓರೆ ಅಕ್ಷರ. ಸೊಸೆ, ಇರುವುದು ಒಬ್ಬಳೇ, ಎಂದಿತ್ತು. ಆ ಒಬ್ಬಳು ನಾನು.

ಮೊದಲು ಬಂದದ್ದು ಸಿಟ್ಟು. ಇಪ್ಪತ್ತು ವರ್ಷದಿಂದ ಒಂದೇ ಒಲೆ, ದಿನಕ್ಕೆ ಮೂರು ಚಹಾ, ಇವರ ಮನಸ್ಸು ಕೆಟ್ಟದ್ದಾದರೂ ಯಾವಾಗ? ಕೇಳೋಣವೆಂದರೆ ಗುಟ್ಟಿನ ನಿಯಮ. ಬೆಳಿಗ್ಗೆ ಕಣ್ಣು ಮುಚ್ಚಿ, ದೇವರೇ ಈ ಸೊಸೆಗೆ ಒಳ್ಳೆಯದು ಮಾಡು ಎಂದು ಬೇಡಿಕೊಂಡೆ. ಅದರಲ್ಲಿ ನನಗೇನೂ ಕಷ್ಟವಾಗಲಿಲ್ಲ. ಆದರೆ ಬೇಡುತ್ತಿದ್ದಂತೆ ಸಿಟ್ಟು ಹೋಗಿ ಭಯ ಉಳಿಯಿತು. ಅವರನ್ನು ಅಷ್ಟು ನೋಯಿಸಿಯೂ ನನಗೆ ಗೊತ್ತೇ ಇಲ್ಲವಲ್ಲ! ಇಚಲಕರಂಜಿಯ ಮಗ್ಗದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಂಡನಿಗೆ ಫೋನ್ ಹಚ್ಚಿ, ಅತ್ತೆ ಏನಾದರೂ ಅಂದರಾ ಎಂದು ಕೇಳಿದೆ. ನಿಮ್ಮಿಬ್ಬರ ಮಾತು ಇಲ್ಲಿ ಮಗ್ಗದ ಸದ್ದಿನಲ್ಲೂ ಕೇಳಿಸುತ್ತದೆ, ಇನ್ನೇನು ಬೇಕು ಎಂದು ನಕ್ಕು ಫೋನ್ ಇಟ್ಟರು.

ಸೋಮವಾರ ಅತ್ತೆಯ ಚಹಾಕ್ಕೆ ಶುಂಠಿ ಹೆಚ್ಚಿಗೆ ಹಾಕಿದೆ. ಮಂಗಳವಾರ ಕೇಳದೆಯೇ ತಲೆಗೆ ಎಣ್ಣೆ ತಿಕ್ಕಿದೆ. ಬುಧವಾರ ಅವರು ಹೇಳಿದ್ದಕ್ಕೆಲ್ಲ ಹೌದ್ರಿ ಎಂದೆ. ಅತ್ತೆ ಗಾಬರಿಯಾಗಿ ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ಗುರುವಾರ ರೊಟ್ಟಿ ಬಡಿದು ಮುಗಿಯುವಷ್ಟರಲ್ಲಿ ನನ್ನ ತಾಳ್ಮೆಯೂ ಮುಗಿದಿತ್ತು. ಚೀಟಿಯನ್ನು ಅವರ ತಾಟಿನ ಪಕ್ಕ ಇಟ್ಟೆ.

"ಅತ್ತ್ಯಾರ, ನೀವು ಬರೆಸಿದ್ದು ನನಗ ಬಂದೈತ್ರಿ. ನಾ ಏನ್ ತಪ್ಪ ಮಾಡೇನ್ರಿ?"

ಅತ್ತೆ ಉಪ್ಪಿನಕಾಯಿಯನ್ನು ತಾಟಿನ ಅಂಚಿಗೆ ಸರಿಸಿದರು. ಆಮೇಲೆ ನಾನು ಮರೆತೇಬಿಟ್ಟಿದ್ದ ಒಂದು ದಿನವನ್ನು ನೆನಪಿಸಿದರು. ಊಟಕ್ಕೆ ಮುಂಚೆ ಅವರು ಮಾಡುತ್ತಿದ್ದ ಪ್ರಾರ್ಥನೆ ಭಾಳ ಉದ್ದ. ಕೊರೋಚಿಯ ಮಗಳು, ಮಹಾಗಾಂವದ ತಂಗಿ, ಮಗ ಹತ್ತುವ ಎಸ್.ಟಿ.ಯ ಡ್ರೈವರ್, ಕೊನೆಗೆ ತಂಗಿಯ ಮನೆಯ ಎಮ್ಮೆ, ಎಲ್ಲರಿಗೂ ಅದರಲ್ಲಿ ಪಾಲು. ಮಳೆಗಾಲದಲ್ಲೊಮ್ಮೆ ರೊಟ್ಟಿ ಆರುತ್ತದೆಂದು ನಾನು ಎಮ್ಮೆಯ ಮಾತು ಬಂದ ಕೂಡಲೇ ಗಟ್ಟಿಯಾಗಿ ಆಮೆನ್ ಅಂದುಬಿಟ್ಟೆ. ರಜೆಗೆ ಮನೆಗೆ ಬಂದಿದ್ದ ಗಂಡ ತಕ್ಷಣ ತುತ್ತು ಮುರಿದರು. ಅಂದಿನಿಂದ ಅತ್ತೆ ಎರಡೇ ಮಾತಿನಲ್ಲಿ ಮುಗಿಸುತ್ತಿದ್ದರು. ವಯಸ್ಸಾಯಿತು, ದಮ್ಮು ಸಾಲುತ್ತಿಲ್ಲ ಎಂದು ನಾನು ತಿಳಿದಿದ್ದೆ. ನಿಜ ಹೇಳಬೇಕೆಂದರೆ, ಬಿಸಿ ರೊಟ್ಟಿ ಸಿಗುತ್ತದಲ್ಲ ಎಂದು ಖುಷಿಯೂ ಆಗಿತ್ತು.

ಒಂದು ಎಮ್ಮೆಗೋಸ್ಕರ ಇಷ್ಟು ಸಿಟ್ಟೇ ಎಂದು ಕೇಳಿದೆ. ನಗಿಸಿ ಪಾರಾಗುವ ಆಸೆ ನನಗೆ. ಅತ್ತೆ ನಗಲಿಲ್ಲ.

"ಎಮ್ಮಿ ಆದಮ್ಯಾಲ ಮನಸಿನ್ಯಾಗ ನಿನ್ನ ಪಾಳಿ ಇರತಿತ್ತು. ನಿನ್ನ ಸಲುವಾಗಿ ಬೇಡೂದು ಭಾಳ ಅಂತ ಕಡೀಕ ಇಟ್ಕೊಂಡಿದ್ನಿ. ಅವತ್ತ ನೀ ಅಲ್ಲೀತನಾ ಬರಗೊಡಲೇ ಇಲ್ಲ."

ನನಗೆ ನಾಚಿಕೆಯಾಯಿತು. ಇವತ್ತು ಪೂರ್ತಿ ಮಾಡಿ ಎಂದು ಕೈಮುಗಿದು ಕೂತೆ. ಕೊರೋಚಿ ಬಂತು, ಮಹಾಗಾಂವ ಬಂತು, ಡ್ರೈವರ್ ಬಂದ. ಎಮ್ಮೆ ಈ ನಡುವೆ ಕರು ಹಾಕಿತ್ತಂತೆ, ಅದೂ ಸೇರಿತು. ರೊಟ್ಟಿ ಕಟಕಟ ಒಣಗಿತು. ಕಡೆಗೆ ನನ್ನ ಪಾಳಿ, ಈ ಸಲ ಗಟ್ಟಿಯಾಗಿಯೇ. ಈಕೆಯ ಸಿಟ್ಟು ಇಳಿಸಪ್ಪ ಅನ್ನುತ್ತಾರೆಂದು ಕಾದೆ.

"ಯೇಸಪ್ಪಾ, ಒಲಿ ಮುಂದಿಂದ ಏಳಬೇಕಾದ್ರ ಈಕಿ ಬಲಗಾಲ ಹಿಡಕೊಂತಾಳ. ಯಾರಿಗೂ ಹೇಳೂದಿಲ್ಲ. ಆ ಬ್ಯಾನಿ ಕಡಿಮಿ ಮಾಡು."

ಆ ನೋವು ಶುರುವಾಗಿ ವರ್ಷವಾಗಿತ್ತು. ಗಂಡನಿಗೂ ನಾನು ಹೇಳಿರಲಿಲ್ಲ.