ನೋಡಿಕೊಂಡು ಹೆಸರು ಬರೆಯಲು ಕಲಿಸಿದವರು

ಶಿವಮೊಗ್ಗದಲ್ಲಿ ಕಳೆದ ಮೂರೂವರೆ ದಶಕಗಳಲ್ಲಿ ರಕ್ತಪರೀಕ್ಷೆಯ ಕೆಲಸ ಕಲಿತವರಲ್ಲಿ ಅನೇಕರು ಒಂದಲ್ಲ ಒಂದು ದಿನ ಶ್ರೀ ರೇಣುಕಾಪ್ರಸಾದ್ ಅವರಿಂದ ಬೈಸಿಕೊಂಡವರೇ. ಸವಳಂಗ ರಸ್ತೆಯ ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತಾರು ವರ್ಷ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರ ವಿದ್ವತ್ತು, ಶಿಸ್ತುಗಳ ಬಗ್ಗೆ ಈ ಅಭಿನಂದನಾ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನನಗೆ ಬರೆಯಲಿಕ್ಕಿರುವುದು ನನ್ನದೇ ಮಾನ ಕಳೆಯುವ ಒಂದು ಸಂಗತಿ.

ಹತ್ತೊಂಬತ್ತು ವರ್ಷದ ಹಿಂದೆ ಭದ್ರಾವತಿಯ ನ್ಯೂಟೌನಿನಿಂದ ಬಸ್ಸು ಹಿಡಿದು ಬಂದು ಈ ಕೆಲಸಕ್ಕೆ ಸೇರಿದ ನನಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ನಗಬೇಡಿ. ಗಾಜಿನ ಮೇಲಿನ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಗಂಟೆಗಟ್ಟಲೆ ನೋಡುತ್ತಿದ್ದೆ. ಮನುಷ್ಯರ ಮೈಯಿಂದ ಸಿರಿಂಜಿಗೆ ಅದು ಏರುವುದನ್ನು ಕಂಡರೆ ಮಾತ್ರ ಕಿವಿ ಗುಂಯ್ ಎಂದು ಕಾಲು ಕುಸಿಯುತ್ತಿತ್ತು. ಡಿಪ್ಲೊಮಾದಲ್ಲಿ ಗೆಳೆಯರ ದಯೆಯಿಂದ ಹೇಗೋ ಪಾರಾಗಿದ್ದೆ. ಇಲ್ಲಿ ಸೂಜಿ ಚುಚ್ಚಿದೊಡನೆ ಗೋಡೆ ನೋಡುವ ಉಪಾಯ ಹೂಡಿದೆ.

ಆ ಉಪಾಯವೇ ನನ್ನನ್ನು ಹಿಡಿದು ಹಾಕಿತು. ಮರುದಿನ ಶಸ್ತ್ರಚಿಕಿತ್ಸೆಗೆಂದು ದಾಖಲಾಗಿದ್ದ, ಭದ್ರಾವತಿ ಹಳೇನಗರದ ಶಾಂತಮ್ಮನವರಿಗೆ ಕೊಡಲು ಅವರದೇ ಗುಂಪಿನ ರಕ್ತ ಹೊಂದಿಸಬೇಕಿತ್ತು. ಅವರಿಂದಲೂ ಪಕ್ಕದ ಹಾಸಿಗೆಯವರಿಂದಲೂ ರಕ್ತ ತೆಗೆದೆ. ರೋಗಿಯ ಬಾಯಿಂದಲೇ ಹೆಸರು ಕೇಳಿ, ಹಾಸಿಗೆಯ ಬಳಿಯೇ ಟ್ಯೂಬಿಗೆ ಚೀಟಿ ಅಂಟಿಸುವುದು ನಮ್ಮಲ್ಲಿ ಮೊದಲ ಪಾಠ. ನಾನೋ ತಲೆ ಸುತ್ತುತ್ತಿದೆಯೆಂದು ಹೊರಗಿನ ಬೆಂಚಿನಲ್ಲಿ ಕುಳಿತು, ಆಮೇಲೆ ಚೀಟಿ ಅಂಟಿಸಿದೆ. ಅದಲುಬದಲಾಯಿತು. ಶಾಂತಮ್ಮನವರು ಊರಿನಿಂದ ತಂದಿದ್ದ ಹಳೆಯ ಕಾರ್ಡಿನಲ್ಲಿ ಬೇರೆ ರಕ್ತದ ಗುಂಪು ಇದ್ದುದನ್ನು ಸರ್ ಗಮನಿಸದಿದ್ದರೆ ಆ ತಾಯಿಯ ಜೀವಕ್ಕೇ ಕುತ್ತು ಬರುತ್ತಿತ್ತು.

ಸರ್ ತಪ್ಪನ್ನು ಪುಸ್ತಕದಲ್ಲಿ ದಾಖಲಿಸಿದರು, ಡಾಕ್ಟರಿಗೆ ತಿಳಿಸಿದರು. ನಾನು ರಾಜೀನಾಮೆ ಬರೆಯಲು ಕಾಗದ ಹುಡುಕುತ್ತಿದ್ದೆ. ಅವರು ಬಾಗಿಲು ಮುಂದೆ ಮಾಡಿ ಎದುರು ಕೂತರು.

"ಹೆದರಿಕೆ ತಪ್ಪಲ್ಲ ಚಂದ್ರು. ನೋಡದೆ ಹೆಸರು ಬರೆದ್ಯಲ್ಲ, ಅದು ತಪ್ಪು."

ಆಮೇಲೆ ರಕ್ತ ತೆಗೆ ಎಂದು ತಮ್ಮ ತೋಳನ್ನೇ ಮುಂದೆ ಚಾಚಿದರು. ಭಯವಾದಾಗ ರಕ್ತದೊತ್ತಡ ಕುಸಿಯುವುದರಿಂದಲೇ ಕಣ್ಣು ಕತ್ತಲಿಡುತ್ತದೆ, ತೊಡೆ, ಹೊಟ್ಟೆ ಬಿಗಿಹಿಡಿದರೆ ತಡೆಯಬಹುದು ಎಂದು ವಿವರಿಸಿದರು. ಮೊದಲ ಸಲ ನಾನು ಕುರ್ಚಿಗೆ ಒರಗಿದೆ. ಎರಡನೆಯ ಸಲ ಬೆವೆತೆ. ಮೂರನೆಯ ಸಲ, ಅವರ ಇನ್ನೊಂದು ತೋಳಿನಿಂದ ತೆಗೆಯುತ್ತ, ಸಿರಿಂಜು ತುಂಬುವವರೆಗೂ ನೋಡಿದೆ. ಅಷ್ಟಕ್ಕೇ ಬಿಡುತ್ತಾರೆಂದುಕೊಂಡರೆ, ನನ್ನನ್ನು ನೇರ ಶಾಂತಮ್ಮನವರ ಬಳಿಗೆ ಕರೆದೊಯ್ದು, ಆದದ್ದನ್ನು ನೀನೇ ಹೇಳಿ, ರಕ್ತವನ್ನು ಮತ್ತೆ ನೀನೇ ತೆಗೆ ಎಂದರು.

ಹೇಳಿದೆ. ರಕ್ತ ಕಂಡರೆ ಹೆದರಿಕೆ ಎಂಬುದನ್ನೂ ಮುಚ್ಚಿಡಲಿಲ್ಲ. ಪಕ್ಕದಲ್ಲಿದ್ದ ಅವರ ಮಗ ರೇಗಿದ, ರೇಗದೆ ಇರುತ್ತಾನೆಯೇ? ಬೇರೆಯವರು ತೆಗೆಯಲಿ ಎಂದು ಹಟ ಹಿಡಿದ. ಅದು ನಿಮ್ಮ ಹಕ್ಕು, ಬೇಕಾದರೆ ನಾನೇ ತೆಗೆಯುತ್ತೇನೆ ಎಂದರು ಸರ್. ಶಾಂತಮ್ಮನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೊನೆಗೆ ಸೆರಗು ಸರಿಸಿ ಕೈ ನೀಡಿದರು.

"ಈ ಸಲ ನೋಡ್ಕೊಂಡು ತಗೋ ಮಾರಾಯ. ನನ್ನ ಹೆಸರು ಶಾಂತಮ್ಮ."

ನೋಡಿಕೊಂಡೇ ತೆಗೆದೆ. ಅಲ್ಲೇ ನಿಂತು ಹೆಸರು ಬರೆದೆ. ಹತ್ತನೆಯ ದಿನ ಆ ತಾಯಿ ನಡೆದುಕೊಂಡು ಮನೆಗೆ ಹೋದರು.

ಭಯ ಪೂರ್ತಿ ಹೋಗಿದೆಯೆಂದರೆ ಸುಳ್ಳಾದೀತು. ಆದರೆ ಅಂದಿನಿಂದ ನಾನು ಗೋಡೆ ನೋಡಿಲ್ಲ. ರವೀಂದ್ರನಗರದ ಮನೆಯಲ್ಲಿ ಮಡದಿ ಮೀರಾ ಅವರೊಡನೆ ಸರ್ ನೆಮ್ಮದಿಯಿಂದ ನೂರ್ಕಾಲ ಬಾಳಲಿ. ವಾರಕ್ಕೊಮ್ಮೆ ಬಂದು ಹೊಸಬರನ್ನು ತಿದ್ದುತ್ತೇನೆಂದು ಕೊಟ್ಟ ಮಾತನ್ನು ನಡೆಸಿಕೊಡಲಿ. ಇಷ್ಟು ವರ್ಷ ನನ್ನ ಆ ತಪ್ಪನ್ನು ಅವರು ಸಿಟ್ಟಿನಲ್ಲಾಗಲಿ ತಮಾಷೆಗಾಗಲಿ ಒಮ್ಮೆಯೂ ಎತ್ತಿ ಆಡಲಿಲ್ಲ. ಅವರು ಹೊರಡುವ ಮುನ್ನ, ಅವರೆದುರಿಗೇ, ಎಲ್ಲರಿಗೂ ನಾನೇ ಹೇಳಬೇಕಿತ್ತು. ಹೇಳಿದ್ದೇನೆ ಸರ್.