ಕರುಳಿನ ಹೊಲಿಗೆ

ಬೆಳಕು ಹರಿಯುವ ಮೊದಲು ಅವಳು ನೀರು ಕಾಯಿಸಬೇಕು, ಮಾವನ ಮಾತ್ರೆ ತೆಗೆದಿಡಬೇಕು, ಮಗಳ ಜಡೆ ಹೆಣೆಯಬೇಕು, ಮೂರು ಡಬ್ಬಿ ಕಟ್ಟಬೇಕು, ಗಂಡನ ಅಂಗಿಗೆ ಇಸ್ತ್ರಿ ಹಾಕಬೇಕು. ಇದರ ನಡುವೆಯೇ ಕುರಿಯ ಕರುಳನ್ನು ಉಪ್ಪುನೀರಲ್ಲಿ ತೊಳೆದು, ಕತ್ತರಿಸಿ, ಮತ್ತೆ ಹೊಲಿದು, ನೀರು ತುಂಬಿ ಸೋರುತ್ತದೆಯೇ ಎಂದು ನೋಡಬೇಕು.

ಅವಳು ಆಪರೇಷನ್ ಥಿಯೇಟರಿನ ನರ್ಸು. “ಕರುಳು ಕೂಡಿಸೋ ಹೊಸ ಹೊಲಿಗೆ ನೀವೇ ಮನೇಲಿ ಹಾಕಿ ನೋಡಿ ಸಿಸ್ಟರ್, ನನಗೆಲ್ಲಿ ಪುರುಸೊತ್ತು?” ಎಂದಿದ್ದರು ಸರ್ಜನ್. ಅವಳ ಮನೆಯಲ್ಲೇನೋ ಪುರುಸೊತ್ತು ರಾಶಿ ಬಿದ್ದಿರುವಂತೆ!

“ಕುರೀದು ತೊಳೆದೂ ತೊಳೆದೂ ಒಂದಿನ ನನ್ನ ಕರುಳನ್ನೂ ಸಿಂಕಿಗೆ ಹಾಕಿ ಉಜ್ಜಿಬಿಡ್ತಾಳೆ,” ಎಂದು ಅತ್ತೆ ಗೊಣಗುತ್ತಿದ್ದರು.

ಎಂಟು ತಿಂಗಳಲ್ಲಿ ಅವಳು ಕಂಡುಕೊಂಡಿದ್ದಿಷ್ಟು. ಎರಡು ಸುತ್ತು ಹೊಲಿಗೆ ಬೇಡ, ಒಂದೇ ಸಾಕು. ದಾರ ಬಿಗಿದರೆ ಅದು ಕರುಳನ್ನೇ ಕೊಯ್ಯುತ್ತದೆ. ಹೊಟ್ಟೆ ಮುಚ್ಚುವ ಮೊದಲು ಹೊಲಿಗೆಯನ್ನು ಉಪ್ಪುನೀರಲ್ಲಿ ಮುಳುಗಿಸಿ ಒಳಗೆ ಗಾಳಿ ಊದಬೇಕು. ಗುಳ್ಳೆ ಎದ್ದರೆ ಸೋರುತ್ತಿದೆ ಎಂದೇ ಅರ್ಥ. ವೈದ್ಯರ ಸಭೆಯಲ್ಲಿ ಸರ್ಜನ್ ಇದನ್ನು ‘ನನ್ನ ವಿಧಾನ’ ಎಂದರು. ಚಪ್ಪಾಳೆ ಬಿತ್ತು. ಹತ್ತು ಆಪರೇಷನ್ ಸಲೀಸಾಗಿ ಆದ ಮೇಲೆ ಗಾಳಿ ಊದುವುದನ್ನೇ ಬಿಟ್ಟರು. ಹನ್ನೊಂದನೆಯವನ ಹೊಲಿಗೆ ಒಳಗೇ ಸೋರಿ, ಐದನೆಯ ದಿನ ಅವನು ಸತ್ತ. ಅವನ ಕರುಳಿನ ಅಂಚು ರಕ್ತವಿಲ್ಲದೆ ಬಿಳಿಚಿಕೊಂಡಿದ್ದನ್ನು ಅವಳು ಆಪರೇಷನ್ ದಿನವೇ ನೋಡಿದ್ದಳು. ಬಾಯಿ ಬಿಟ್ಟಿರಲಿಲ್ಲ.

ಆಮೇಲೆ ಪ್ರತಿ ಬೆಳಿಗ್ಗೆಯೂ ಥಿಯೇಟರಿನ ಬಾಗಿಲು ತಳ್ಳಿದೊಡನೆ ಅವಳು ಮೊದಲು ಉಪ್ಪುನೀರಿನ ಬಟ್ಟಲು ತುಂಬಿಡುತ್ತಿದ್ದಳು.

ಇವತ್ತು ಮೇಜಿನ ಮೇಲೆ ಬಟ್ಟೆ ಹೊಲಿಯುವ ಹೆಂಗಸು ಮಲಗಿದ್ದಳು. ನಿನ್ನೆ ವಾರ್ಡಿನಲ್ಲಿ ಕೈ ಹಿಡಿದು ನಕ್ಕಿದ್ದಳು: “ನೀವೂ ಹೊಲಿಯೋರೇ, ನಾನೂ ಹೊಲಿಯೋಳೇ ಅಕ್ಕಾ. ಬಿಗಿಯಾಗಿ ಎಳೀಬೇಡಿ ಅನ್ನಿ ನಿಮ್ಮ ಡಾಕ್ಟ್ರಿಗೆ, ಸುಕ್ಕು ಬೀಳುತ್ತೆ.” ನಗುತ್ತಿದ್ದರೂ ಬೆರಳು ತಣ್ಣಗೆ ಕೊರೆಯುತ್ತಿದ್ದವು.

ಸರ್ಜನ್ ಕೊನೆಯ ಗಂಟು ಎಳೆದರು. ಕರುಳಿನ ಅಂಚಿನಲ್ಲಿ ಉಗುರಿನಷ್ಟು ಜಾಗ ಬಿಳಿಚಿಕೊಂಡಿತು.

“ಸರ್, ಗಾಳಿ ಊದಿ ನೋಡೋಣ್ವಾ?”

“ಹೊರಗೆ ಇನ್ನಿಬ್ಬರು ಕಾಯ್ತಿದ್ದಾರೆ. ನನ್ನ ಹೊಲಿಗೆ ಇದು ಸಿಸ್ಟರ್, ಸೋರಲ್ಲ. ಮುಚ್ಚೋಣ, ಸೂಜಿ ಕೊಡಿ.”

ಸರ್ಜನ್ ಚಾಚಿದ ಕೈ ಚಾಚಿಯೇ ಇತ್ತು. ಅರಿವಳಿಕೆ ವೈದ್ಯೆ ಕಣ್ಣು ತಪ್ಪಿಸಿ ಮಾನಿಟರ್ ಕಡೆ ತಿರುಗಿದರು. ಕೊಡದಿದ್ದರೆ ನಾಳೆಯಿಂದ ಥಿಯೇಟರಿನ ಕೆಲಸವಿಲ್ಲ. “ನಿನಗ್ಯಾಕೆ ಬೇಕಿತ್ತು ಈ ಉಸಾಬರಿ?” ಎನ್ನಲು ಮನೆಯಲ್ಲಿ ಗಂಡನಿದ್ದಾನೆ.

ಅವಳು ಸೂಜಿಯನ್ನು ತಟ್ಟೆಯ ಅಂಚಿಗೆ ಸರಿಸಿ, ಉಪ್ಪುನೀರಿನ ಬಟ್ಟಲನ್ನೆತ್ತಿ ಆ ಚಾಚಿದ ಕೈಗೆ ಹಿಡಿದಳು.