ಮೊಣಕೈ ಕೆಳಗಿನ ಎರಡು ಬೆರಳು

ಬೆಳಗಿನ ಐದೂಮುಕ್ಕಾಲು. ಬೋಗಾದಿಯ ಸಣ್ಣ ಟ್ರಸ್ಟ್ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಏಕಾಂತಯ್ಯ ಹಣೆಗೆ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದಾರೆ. ತಿಂಗಳ ಹಿಂದೆ ಲಕ್ವ ಹೊಡೆದದ್ದೂ ಅದೇ ಎಡಗೈಗೆ. ಪಕ್ಕದಲ್ಲಿ ಹೆಂಡತಿ ಶಾರದ. ಅಷ್ಟು ದೂರದಲ್ಲಿ ಸ್ಟೂಲಿನ ಮೇಲೆ ಕೂತ ನೀಲಮ್ಮ ಮನಸ್ಸಿನಲ್ಲೇ ಕೈಮುಗಿದಿದ್ದಾರೆ, ಕಣ್ಣು ಮಾತ್ರ ಏಕಾಂತಯ್ಯನವರ ಮೊಣಕೈಯನ್ನು ಬಿಟ್ಟು ಅಲುಗುತ್ತಿಲ್ಲ.

ಪಾರ್ಶ್ವವಾಯು ಆದವರ ಕೈಕಾಲು ಎಷ್ಟು ಆಡುತ್ತಿವೆ ಎಂದು ಇಲ್ಲಿ ವಾರಕ್ಕೊಮ್ಮೆ ಪರೀಕ್ಷೆ ನಡೆಯುತ್ತದೆ. ಕೈ ಎತ್ತಿ ಹಿಡಿಯುವುದು, ಲೋಟ ಹಿಡಿಯುವುದು, ಕುರ್ಚಿಯಿಂದ ಏಳುವುದು, ಹೀಗೆ ಇಪ್ಪತ್ತೆರಡು ಚಲನೆ. ಆಗದಿದ್ದರೆ ಸೊನ್ನೆ, ಆಸರೆ ಕೊಟ್ಟಾಗ ಆದರೆ ಒಂದು, ತಾವೇ ಮಾಡಿದರೆ ಎರಡು. ಫಿಸಿಯೋಥೆರಪಿಸ್ಟ್‌ಗಳು ಅಂಕ ಹಾಕಿ ಹೋದ ಮೇಲೆ, ಆ ಹಾಳೆಯನ್ನು ನೋಡದೆ, ನೀಲಮ್ಮ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುತ್ತಾರೆ. ಎರಡು ಹಾಳೆ ತಾಳೆಯಾದರೆ ಸರಿ. ಆಗದಿದ್ದರೆ, ಯಾಕೆ ಎಂದು ಗೊತ್ತಾಗುವ ತನಕ ಈ ಹೆಂಗಸಿಗೆ ಅನ್ನ ಸೇರುವುದಿಲ್ಲ. ದಿನಕ್ಕೆ ಹತ್ತು ಹನ್ನೆರಡು ಮಂದಿ ಅವರ ಕೈ ದಾಟಿ ಹೋಗುತ್ತಾರೆ. ಹಾಳೆಯಲ್ಲಿ ಅವರ ಹೆಸರಿಗೆ ಜಾಗವಿಲ್ಲ. ಆಸ್ಪತ್ರೆಯ ದಾಖಲೆಯಲ್ಲಿ, ಈ 2003ರಲ್ಲೂ, ಅವರು ಬರೀ ‘ಆಯಾ’.

ನಿನ್ನೆ ತಾಳೆಯಾಗದ್ದು ಏಕಾಂತಯ್ಯನವರ ಹಾಳೆ. ಎಡಗೈ ಎತ್ತಿ ಹಿಡಿಯುವುದಕ್ಕೆ ಹೊಸ ಥೆರಪಿಸ್ಟ್ ಸುಷ್ಮಾ ಎರಡು ಹಾಕಿದ್ದರು, ನೀಲಮ್ಮ ಒಂದು. ಕೇಳಿದರೆ, ದಿನಾ ಲಿಂಗಪೂಜೆಯನ್ನು ಯಜಮಾನರು ತಾವೇ ಮಾಡಿಕೊಳ್ಳುತ್ತಾರೆ ಎಂದು ಶಾರದ ಆಣೆ ಇಟ್ಟು ಹೇಳಿದ್ದರಂತೆ, ಸುಷ್ಮಾ ನಂಬಿದ್ದರಂತೆ. ಎರಡಾದರೆ ಶುಕ್ರವಾರ ಮನೆ. ಒಂದಾದರೆ ಇನ್ನು ಮೂರು ವಾರ ಇದೇ ಮಂಚ. ಹಾಗಾಗಿ ಪೂಜೆಯನ್ನು ಕಣ್ಣಾರೆ ನೋಡೋಣವೆಂದು ನೀಲಮ್ಮ ಕುಂಬಾರಕೊಪ್ಪಲಿನಿಂದ ಮೊದಲ ಬಸ್ಸಿಗೇ ಬಂದಿದ್ದಾರೆ.

ಒಂದು ಅಂಕಕ್ಕೆ ಇಷ್ಟು ಹಟವೇ ಎಂದು ಆಸ್ಪತ್ರೆಯಲ್ಲೇ ಹಲವರು ಮೂಗು ಮುರಿಯುತ್ತಾರೆ. ಅವರಿಗೆ ಇಂದ್ರಮ್ಮನ ವಿಷಯ ಗೊತ್ತಿಲ್ಲ.

ಗಂಡ ತೀರಿಹೋದ ಮೇಲೆ, 1991ರಲ್ಲಿ, ನೀಲಮ್ಮ ಇಲ್ಲಿಗೆ ನೆಲ ಒರೆಸಲು ಸೇರಿದವರು. ಎಸ್ಸೆಸ್ಸೆಲ್ಸಿ ಆಗಿತ್ತು, ಕೈ ಚುರುಕಾಗಿತ್ತು. ಹಿರಿಯ ಥೆರಪಿಸ್ಟ್ ಬಿಂದುಮಾಧವ ನೀಲಮ್ಮನಿಗೆ ಪರೀಕ್ಷೆ ಮಾಡುವುದನ್ನು ಕಲಿಸಿದರು. ಲಕ್ವ ಹೊಡೆದು ಇಂದ್ರಮ್ಮ ಬಂದದ್ದು 1996ರಲ್ಲಿ. ಚಾಮುಂಡಿ ಬೆಟ್ಟದಲ್ಲಿ ಹೂವು ಮಾರುತ್ತಿದ್ದ ಆಕೆ, ಮನೆಗೆ ಕಳಿಸಿ ಎಂದು ದಿನವೂ ಕಣ್ಣೀರಿಡುತ್ತಿದ್ದರು. ನೀಲಮ್ಮನ ಕರುಳು ಚುರ್ ಎಂದಿತು. ಪರೀಕ್ಷೆಯ ದಿನ ಆಕೆಯ ಮೊಣಕೈ ಕೆಳಗೆ ಮೆಲ್ಲಗೆ ಎರಡು ಬೆರಳು ಕೊಟ್ಟರು, ಹಾಳೆಯಲ್ಲಿ ಎರಡು ಬರೆದರು. ಮನೆಗೆ ಹೋದ ಮೂರನೇ ದಿನ, ಕೈ ಸರಿಹೋಗಿದೆ ಎಂದೇ ನಂಬಿದ್ದ ಇಂದ್ರಮ್ಮ ಒಲೆಯ ಮೇಲಿಂದ ಕುದಿಯುವ ಹಾಲಿನ ಪಾತ್ರೆ ಇಳಿಸಲು ಹೋದರು. ಎರಡೂ ತೊಡೆ ಸುಟ್ಟವು. ಐದು ತಿಂಗಳು ಮಲಗಿದರು.

“ಸೋತಿದ್ದು ಅವ್ರ ಕೈಯಲ್ಲ ಕಣ್ರೀ, ನಾನ್ ಬರ್ದ ಎರಡು,” ಎನ್ನುತ್ತಾರೆ ನೀಲಮ್ಮ. ಬಿಂದುಮಾಧವರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡಾಗ, ಕೆಲಸ ಹೋಯಿತೆಂದೇ ಅವರು ಅಂದುಕೊಂಡಿದ್ದರು. ಬಿಂದುಮಾಧವ ಬೈಯಲಿಲ್ಲ. ಇನ್ನು ಮುಂದೆ ಎಲ್ಲರ ಪರೀಕ್ಷೆಯನ್ನೂ ನೀನು ಎರಡನೇ ಸಲ ಮಾಡು, ತಪ್ಪು ಹೇಗಾಗುತ್ತದೆ ಎಂದು ನಿನಗೆ ಗೊತ್ತು, ಎಂದರಂತೆ.

ವಾರ್ಡಿನಲ್ಲಿ ಪೂಜೆ ಮುಗಿಯುತ್ತದೆ. ನೀಲಮ್ಮ ನೋಡಬೇಕಾದದ್ದನ್ನು ನೋಡಿದ್ದಾರೆ. ಶಾರದ ಒಂದು ಕೈಯಲ್ಲಿ ಹೂವು ಕೊಡುತ್ತಾ, ಇನ್ನೊಂದು ಕೈಯ ಎರಡು ಬೆರಳನ್ನು ಗಂಡನ ಮೊಣಕೈಗೆ ಕೊಟ್ಟಿದ್ದರು. ಕೊಟ್ಟಿದ್ದು ಅವರಿಗೇ ತಿಳಿದಿಲ್ಲ. ಏಕಾಂತಯ್ಯ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡ ಮೇಲೆ, ಬರಿಗೈಯನ್ನು ಹಾಗೇ ಹಿಡಿಯಲು ನೀಲಮ್ಮ ಹೇಳುತ್ತಾರೆ. ಶಾರದರ ಬೆರಳು ತಾವಾಗಿಯೇ ಮುಂದೆ ಬರುತ್ತವೆ. ನೀಲಮ್ಮ ಆ ಕೈಯನ್ನು ತಮ್ಮ ಕೈಯೊಳಗೆ ಹಿಡಿದುಕೊಳ್ಳುತ್ತಾರೆ. ಏಕಾಂತಯ್ಯನವರ ಎಡಗೈ ನಡುಗಿ, ಮಡಿಲಿಗೆ ಬೀಳುತ್ತದೆ.

“ಒಂದ್ ನಂಬರ್ ತಾನೆ ಅಕ್ಕ, ಹಾಕ್ಬುಡಿ. ಮನೇಲಿ ನಾನ್ ಹಿಡ್ಕೋತೀನಿ,” ಎಂದು ಶಾರದ ಅಂಗಲಾಚುತ್ತಾರೆ.

“ನೀವು ಪಕ್ಕದಲ್ಲಿಲ್ದೆ ಇರೋ ಗಳಿಗೆ ಒಂದು ಬರ್ತದೆ ಕಣಮ್ಮ. ನಾನು ಬರಿಯೋದು ಆ ಗಳಿಗೆಗೆ.”

ಏಕಾಂತಯ್ಯ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ನೀಲಮ್ಮ ಒಂದು ಎಂದು ಬರೆದು ಹೊರಗೆ ಬರುತ್ತಾರೆ, ವರಾಂಡದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಏಳು ವರ್ಷವಾದರೂ ಈ ಸಂಕಟ ಅಭ್ಯಾಸವಾಗಿಲ್ಲ.

ಹಾಳೆಯಲ್ಲಿ ಹೆಸರು ಬರಬೇಕೆಂದಾದರೂ ಆಸೆಯಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಆಮೇಲೆ ತಮ್ಮ ಎಡ ಮೊಣಕೈಯನ್ನು ಸವರಿಕೊಳ್ಳುತ್ತಾ ಹೇಳುತ್ತಾರೆ:

“ನಮ್ಮವ್ವ ಲಕ್ವದಲ್ಲೇ ಹೋದ್ಲು, ನಂಗೂ ಬಿಪಿ ಅದೆ. ಒಂದಿನ ನಾನೂ ಈ ಮಂಚದ ಮೇಲೆ ಕೂತ್ಕೋಬೋದು. ಮನೆಗೆ ಕಳ್ಸಿ ಅಂತ ನಾನೂ ಅಳ್ತೀನಿ, ಗೊತ್ತು. ಆವತ್ತು ಪರೀಕ್ಷೆ ಮಾಡೋರು ನನ್ ಮೊಣಕೈಗೆ ಬೆರಳು ಕೊಡ್ಬಾರ್ದು. ಅಷ್ಟೇ ನಾನ್ ಕೇಳ್ಕೊಳೋದು.”